ಅಮ್ಮನಿಗೂ ಬಂದಿತ್ತು, ಈಗ ನನಗೆ: ಸ್ತನವನ್ನು ಪೂರ್ತಿ ತೆಗೆಸಬೇಕೇ?

ಪ್ರಶ್ನೆ: ನನಗೆ 43 ವರ್ಷ. ಎಡ ಸ್ತನದಲ್ಲಿ ಎರಡು ಸೆಂಟಿಮೀಟರ್ ಗಂಟು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ ಸಾಕೆನ್ನುತ್ತಾರೆ ಡಾಕ್ಟರು. ಆದರೆ ಅಮ್ಮನಿಗೂ ಇದೇ ಕಾಯಿಲೆ ಇತ್ತು. ಚಿಕ್ಕಮ್ಮ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ‘ಬೇರುಸಹಿತ ತೆಗೆಸಿಬಿಡು’ ಎಂದು ಮನೆಯವರು ಹಠ ಹಿಡಿದಿದ್ದಾರೆ.

ಉತ್ತರ (ಸ್ತನ ಶಸ್ತ್ರಚಿಕಿತ್ಸಕಿ): ಈಗಿರುವ ಗಂಟಿನ ಮಟ್ಟಿಗೆ ನಿಮ್ಮ ಡಾಕ್ಟರು ಹೇಳಿದ್ದು ಸರಿ. ಅಮೆರಿಕದಲ್ಲಿ ಮತ್ತು ಇಟಲಿಯ ಮಿಲಾನಿನಲ್ಲಿ 1970ರ ದಶಕದಲ್ಲಿ ಶುರುವಾದ ಎರಡು ಅಧ್ಯಯನಗಳು ರೋಗಿಗಳನ್ನು ಇಪ್ಪತ್ತು ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದವು: ಸ್ತನ ಉಳಿಸಿಕೊಂಡವರಿಗೂ ಪೂರ್ತಿ ತೆಗೆಸಿದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೇಡಿಯೇಷನ್ ಮಾತ್ರ ಬಿಡುವ ಹಾಗಿಲ್ಲ. ಅಮೆರಿಕದ ಅಧ್ಯಯನದಲ್ಲಿ, ಅದನ್ನು ಪಡೆಯದವರಲ್ಲಿ ಶೇ 39ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ಪಡೆದವರಲ್ಲಿ ಶೇ 14.

ನನ್ನ ಗಮನ ನಿಂತಿರುವುದು ನಿಮ್ಮ ಚಿಕ್ಕಮ್ಮನ ಮೇಲೆ. ಒಂದೇ ವಂಶದಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಕಂಡರೆ ಬಿಆರ್‌ಸಿಎ ಎಂಬ ಎರಡು ಜೀನುಗಳ (1 ಮತ್ತು 2; ಇವುಗಳಲ್ಲಿ ವಂಶದಿಂದ ಬಂದ ದೋಷವಿದ್ದರೆ ಈ ಎರಡೂ ಕ್ಯಾನ್ಸರುಗಳ ಸಂಭವ ಹೆಚ್ಚು) ಪರೀಕ್ಷೆ ಆಗಲೇಬೇಕು. ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ. ರಕ್ತ ಕೊಟ್ಟರೆ ಸಾಕು, ವರದಿಗೆ ಕೆಲವು ವಾರ ಹಿಡಿಯುತ್ತದೆ. ದೋಷ ಕಂಡುಬಂದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇನ್ನೊಂದು ಸ್ತನಕ್ಕೂ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1ರಲ್ಲಿ ಸುಮಾರು ಶೇ 40, ಬಿಆರ್‌ಸಿಎ2ರಲ್ಲಿ ಶೇ 26. ಆಗ ಎರಡೂ ಸ್ತನಗಳನ್ನು ತೆಗೆಸುವ ಮಾತಿಗೆ ಅರ್ಥವಿದೆ, ಅಂಡಾಶಯ ತೆಗೆಸುವ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಎಡವೊಂದನ್ನೇ ತೆಗೆಸಿದರೆ ಮನೆಯವರು ಹೇಳುವ ‘ಬೇರು’ ಬಲಗಡೆ ಹಾಗೇ ಇರುತ್ತದಲ್ಲ! ದೋಷ ಇಲ್ಲವೆಂದಾದರೆ ಕುಟುಂಬದ ಇತಿಹಾಸವೊಂದನ್ನೇ ಮುಂದಿಟ್ಟುಕೊಂಡು ಸ್ತನ ತೆಗೆಯಲು ನಾನಂತೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ತಪ್ಪಿಸಬೇಡಿ.

ಮರುಪ್ರಶ್ನೆ: ನಮ್ಮೂರಿನಲ್ಲಿ ರೇಡಿಯೇಷನ್ ಸೌಲಭ್ಯವಿಲ್ಲ. ಪೂರ್ತಿ ತೆಗೆಸಿದರೆ ಆ ಓಡಾಟವಾದರೂ ತಪ್ಪುವುದಿಲ್ಲವೇ?

ಉತ್ತರ: ಆ ಲೆಕ್ಕಾಚಾರ ನಂಬಬೇಡಿ. ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿದ್ದರೆ, ಸ್ತನ ತೆಗೆದ ಮೇಲೂ ಅನೇಕರಿಗೆ ರೇಡಿಯೇಷನ್ ಬೇಕಾಗುತ್ತದೆ. ಈಗ ಬಹಳಷ್ಟು ಕಡೆ ಹದಿನೈದು ಸಲ, ಅಂದರೆ ಮೂರು ವಾರಗಳಲ್ಲಿ ಮುಗಿಸುತ್ತಾರೆ. ಆ ಮೂರು ವಾರ ಎಲ್ಲಿ ಉಳಿದುಕೊಳ್ಳುವುದೆಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಈಗಲೇ ವಿಚಾರಿಸಿ.

ಇನ್ನೊಬ್ಬರು: ನನ್ನ ತಂದೆಯ ಅಕ್ಕನಿಗೆ ಬಂದಿತ್ತು. ಅಪ್ಪನ ಕಡೆಯದು ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಖಂಡಿತ. ದೋಷವಿರುವ ಜೀನ್ ತಂದೆಯಿಂದಲೂ ಅಷ್ಟೇ ಸುಲಭವಾಗಿ ಬರುತ್ತದೆ. ನಮ್ಮಲ್ಲಿ ಅದನ್ನು ಕೇಳುವವರೇ ಕಡಿಮೆ. ಮೊದಲ ಸಹೋದರಿಗೆ ಒಂದು ಸಲಹೆ: ವರದಿಯಲ್ಲಿ ದೋಷ ಕಂಡರೆ ಅದರ ಪ್ರತಿಯನ್ನು ಒಡಹುಟ್ಟಿದವರಿಗೆ ಕೊಡಿ, ತಮ್ಮಂದಿರಿಗೂ ಸಹ. ಅವರಿಗೆ ಅದೊಂದೇ ದೋಷವನ್ನು ಹುಡುಕಿದರೆ ಸಾಕಾಗುವುದರಿಂದ ಖರ್ಚೂ ಕಡಿಮೆ.