‘ಕಂಪ್ಯಾನಿಯನ್’ ಪದದೊಳಗೆ ರೊಟ್ಟಿ ಇರುವುದು ನಿಜವೇ?

ಪದಕುತೂಹಲಿ: ‘ಕಂಪ್ಯಾನಿಯನ್’ ಎಂದರೆ ಮೂಲತಃ ರೊಟ್ಟಿ ಹಂಚಿಕೊಂಡು ತಿನ್ನುವವನಂತೆ. ಲ್ಯಾಟಿನ್ನಿನಲ್ಲಿ ‘ಕಾಮ್’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ. ನಂಬಬಹುದೇ?

ಸಂಶಯಿ: ಕಥೆ ಇಷ್ಟು ಸೊಗಸಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಪದವನ್ನು ಎರಡು ತುಂಡು ಮಾಡಿ ಪುರಾಣ ಕಟ್ಟುವುದು ಯಾರಿಗೂ ಕಷ್ಟವಲ್ಲ. ರೋಮಿನ ವಾಗ್ಮಿ ಸಿಸೆರೊ ಕಾಲದ ಲ್ಯಾಟಿನ್ನಿನಲ್ಲಿ ಜೊತೆಗಾರನಿಗೆ ಇದ್ದ ಮಾತು ‘ಸೋಕಿಯಸ್’, ‘ಕೋಮೆಸ್’. ಅಲ್ಲಿ ರೊಟ್ಟಿಯ ಸುಳಿವೇ ಇಲ್ಲ.

ಹಳೆಯ ನಿಘಂಟು: ಪದ ತಡವಾಗಿ ಹುಟ್ಟಿತು, ಒಪ್ಪಿದೆ. ಅಷ್ಟಕ್ಕೇ ವ್ಯುತ್ಪತ್ತಿ ಸುಳ್ಳಾಗುವುದಿಲ್ಲವಲ್ಲ! ‘ಕಂಪಾನಿಯೊ’ ಕಾಣಿಸಿಕೊಳ್ಳುವುದು ಫ್ರಾಂಕರೆಂಬ ಜರ್ಮನಿಕ್ ಜನರ ಕಾನೂನು ಸಂಹಿತೆಯಾದ ಲೆಕ್ಸ್ ಸಾಲಿಕಾದಲ್ಲಿ. ಅದು ಜರ್ಮನಿಕ್ ಪದವೊಂದರ ಪಡಿಯಚ್ಚು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಳೆಯ ಜರ್ಮನಿಕ್ ಭಾಷೆಯಾದ ಗಾಥಿಕ್‌ನ 4ನೇ ಶತಮಾನದ ಬೈಬಲ್‌ನಲ್ಲಿ ‘ಗಹ್ಲೈಬ’ ಎಂಬ ಪದವಿದೆ. ‘ಗ’ ಎಂದರೆ ಕೂಡ, ‘ಹ್ಲೈಫ್ಸ್’ ಎಂದರೆ ರೊಟ್ಟಿ. ಇಂಗ್ಲಿಷಿನ ‘ಲೋಫ್’ ಅದರ ದಾಯಾದಿ. ಆ ಬೈಬಲ್‌ನ ‘ಫಿಲಿಪ್ಪಿಯವರಿಗೆ ಬರೆದ ಪತ್ರ’ದಲ್ಲಿ ‘ಸಹಸೈನಿಕ’ ಎಂಬ ಗ್ರೀಕ್ ಮಾತಿಗೆ ಬಳಸಿರುವುದು ಇದನ್ನೇ.

ಸಂಶಯಿ: ಸೋತೆ. ಆದರೆ ಗಮನಿಸಿ, ನಿಮ್ಮ ಸಾಕ್ಷಿಯಲ್ಲಿ ಇರುವುದು ದಂಡಿನವರ ಪಡಿ, ಆತ್ಮೀಯತೆಯಲ್ಲ. ಶುಭಾಶಯ ಪತ್ರಗಳಲ್ಲಿ ಈ ವ್ಯುತ್ಪತ್ತಿಗೆ ಸವರುವ ಬೆಣ್ಣೆ ನಮ್ಮ ಕಾಲದ್ದು.

ದಾರಿಹೋಕ: ಹಾಗಾದರೆ ‘ಕಂಪನಿ’?

ಹಳೆಯ ನಿಘಂಟು: ಅದೇ ಬೇರು. ‘ಮೇಟ್’ ಕೂಡ ಊಟದ ಪಂಕ್ತಿಯದೇ. ‘ಮೀಟ್’ ಜೊತೆ ಅದಕ್ಕೆ ನಂಟಿದೆ. ಆಗ ‘ಮೀಟ್’ ಎಂದರೆ ಮಾಂಸವೊಂದೇ ಅಲ್ಲ, ಯಾವುದೇ ಆಹಾರ.

ಸಂಶಯಿ: ಎಲ್ಲರೂ ತಿಂದೇ ಸ್ನೇಹಿತರಾದವರಲ್ಲ. ‘ಕಾಮ್ರೇಡ್’ ಕೋಣೆ ಹಂಚಿಕೊಂಡವನು. ‘ಫೆಲೊ’ ಹಳೆಯ ನಾರ್ಸ್‌ನ ‘ಫೇಲಗಿ’, ಅಂದರೆ ಬಂಡವಾಳವನ್ನು ಕೂಡಿ ಹೂಡಿದವನು, ಶುದ್ಧ ವ್ಯಾಪಾರ! ಇಂದು ‘ಫೆಲೊ’ ಎನ್ನುವಾಗ ಯಾರ ತಲೆಯಲ್ಲಿ ಲೆಕ್ಕದ ಪುಸ್ತಕ ತೆರೆದುಕೊಳ್ಳುತ್ತದೆ? ಮೂಲ ತಿಳಿದರೆ ಅರ್ಥ ತಿಳಿದಂತಲ್ಲ.

ಪದಕುತೂಹಲಿ: ಆ ಮಾತು ಒಪ್ಪುತ್ತೇನೆ. ಆದರೂ ನಮ್ಮ ‘ಒಡನಾಡಿ’ಯಲ್ಲಿ ‘ಒಡನೆ’ ಕಂಡ ಮೇಲೆ ಆ ಪದವನ್ನು ಮೊದಲಿನಂತೆ ಓದಲು ನನಗೆ ಆಗಿಲ್ಲ.

ದಾರಿಹೋಕ: ಹಡಗಿನಲ್ಲಿ ಕೆಳಗಿಳಿಯುವ ಮೆಟ್ಟಿಲಿಗೆ ‘ಕಂಪ್ಯಾನಿಯನ್‌ವೇ’ ಎನ್ನುತ್ತಾರೆ. ಇಬ್ಬರು ಜೊತೆಯಾಗಿ ಇಳಿಯುತ್ತಾರೆಂದೇ?

ಸಂಶಯಿ: ಇದಕ್ಕೇ ಕಾಯುತ್ತಿದ್ದೆ. ಅಲ್ಲಿ ಗೆಳೆಯರೂ ಇಲ್ಲ, ರೊಟ್ಟಿಯೂ ಇಲ್ಲ. ಅದು ಹಡಗಿನ ಹಿಂಭಾಗದ ಅಟ್ಟಕ್ಕೆ ಡಚ್ಚರು ಇಟ್ಟ ಹೆಸರಿನಿಂದ ಬಂದದ್ದು.

ಹಳೆಯ ನಿಘಂಟು: ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಸಂಶಯಿಗಳೇ. ಡಚ್ಚರ ಆ ಹೆಸರಿನ ಬೇರು ಇಟಾಲಿಯನ್ನಿನ ‘ಕಂಪಾನ್ಯ’. ಅಲ್ಲಿ ಅದು ಹಡಗಿನ ಆಹಾರದ ಉಗ್ರಾಣ.