ಕೂತರೆ ಉರಿ, ಎಂ.ಆರ್.ಐ. ನಾರ್ಮಲ್: ಇಂಜೆಕ್ಷನ್ ಯಾತಕ್ಕೆ?

ಪ್ರಶ್ನೆ (ಸಕಲೇಶಪುರ): ಡಾಕ್ಟ್ರೇ, ನಮ್ಮ ಯಜಮಾನರಿಗೆ ಆರು ತಿಂಗಳಿಂದ ವೃಷಣಕ್ಕೂ ಗುದದ್ವಾರಕ್ಕೂ ನಡುವೆ, ಬಲಗಡೆ ಉರಿ. ತೋಟಕ್ಕೆ ಬೈಕಲ್ಲಿ ಹೋಗಿಬಂದರೆ ತಡೆಯೋಕಾಗಲ್ಲ. ನಿಂತರೆ, ಮಲಗಿದರೆ ಕಮ್ಮಿ. ಸೊಂಟದ ಎಂ.ಆರ್.ಐ., ಮೂತ್ರ ಪರೀಕ್ಷೆ ಎರಡೂ ನಾರ್ಮಲ್. ಹಾಸನದಲ್ಲಿ ತೋರಿಸಿದರೆ "ಸಿ.ಟಿ.ಯಲ್ಲಿ ನೋಡಿಕೊಂಡು ನರಕ್ಕೆ ಇಂಜೆಕ್ಷನ್" ಅಂದರು. ಸ್ಕ್ಯಾನಲ್ಲೇ ಏನೂ ಇಲ್ಲದ ಮೇಲೆ ಇಂಜೆಕ್ಷನ್ ಯಾತಕ್ಕೆ?

ಉತ್ತರ (ರೇಡಿಯಾಲಜಿಸ್ಟ್): ಮೇಡಂ, ಇದು ಆ ಜಾಗಕ್ಕೆ ಸ್ಪರ್ಶ ಕೊಡುವ ಪುಡೆಂಡಲ್ ನರದ ನೋವು ಇರಬಹುದು. ಬೆನ್ನುಮೂಳೆಯ ಕೆಳತುದಿಯಲ್ಲಿ ಎಸ್2ರಿಂದ ಎಸ್4 ಎಂದು ಕರೆಯುವ ನರಬೇರುಗಳಲ್ಲಿ ಹುಟ್ಟುವ ಈ ನರ ಇಶಿಯಲ್ ಸ್ಪೈನ್ ಎಂಬ ಮೂಳೆಯ ಮೊನೆಯ ಹತ್ತಿರ ಎರಡು ಲಿಗಮೆಂಟ್‌ಗಳ (ಮೂಳೆ ಕಟ್ಟುವ ಪಟ್ಟಿಗಳ) ನಡುವೆ ನುಸುಳಿ, ಆಲ್ಕಾಕ್ ಕಾಲುವೆ ಎಂಬ ಇಕ್ಕಟ್ಟಾದ ದಾರಿ ಹೊಗುತ್ತದೆ. ಸಾಮಾನ್ಯವಾಗಿ ನರ ಅದುಮಿಕೊಳ್ಳುವುದು ಈ ಎರಡು ಕಡೆ. ಸೊಂಟದ ಎಂ.ಆರ್.ಐ. ಡಿಸ್ಕ್ ನೋಡಲು ತೆಗೆದದ್ದು, ಈ ಜಾಗ ಅದರಲ್ಲಿ ಬರುವುದೇ ಇಲ್ಲ. ಮೊದಲು ಪೆಲ್ವಿಸ್ (ಕಿಬ್ಬೊಟ್ಟೆಯ ಕೆಳಭಾಗ) ಎಂ.ಆರ್.ಐ. ಮಾಡಿಸಿ; ಗೆಡ್ಡೆ, ಕೀವು, ಸಿಸ್ಟ್ ಇಲ್ಲವೆಂದು ಗೊತ್ತಾಗಬೇಕು. ನರ ತೀರಾ ಸಣ್ಣದು, ಹೆಚ್ಚು ಶಕ್ತಿಯ 3 ಟೆಸ್ಲಾ ಎಂ.ಆರ್.ಐ. ಯಂತ್ರದಲ್ಲೂ ಅದು ಅದುಮಿಕೊಂಡಿದ್ದು ಎಲ್ಲರಲ್ಲಿ ಕಾಣುವುದಿಲ್ಲ.

ಹಾಗಾಗಿ ರೋಗ ಹಿಡಿಯುವುದು ಲಕ್ಷಣಗಳಿಂದ. ಫ್ರಾನ್ಸಿನ ನಾಂತ್ ಊರಿನ ವೈದ್ಯರ ತಂಡ 2008ರಲ್ಲಿ ಐದು ಅಂಶ ಹೇಳಿತು: ನೋವು ಈ ನರದ ಜಾಗದಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷೆಯಲ್ಲಿ ಸ್ಪರ್ಶ ಕಳೆದಿರಬಾರದು, ನರಕ್ಕೆ ಅರಿವಳಿಕೆ ಕೊಟ್ಟಾಗ ನೋವು ಇಳಿಯಬೇಕು. ಐದನೆಯದಕ್ಕೇ ಈ ಇಂಜೆಕ್ಷನ್.

ಬೋರಲು ಮಲಗಿಸಿ, ಸಿ.ಟಿ.ಯಲ್ಲಿ ದಾರಿ ನೋಡುತ್ತ ತೆಳು ಸೂಜಿ ಇಳಿಸುತ್ತಾರೆ. ನರದ ಪಕ್ಕದಲ್ಲೇ ರಕ್ತನಾಳ. ಸೂಜಿ ಅದರೊಳಗಿಲ್ಲ ಎನ್ನಲು ಚೂರು ಕಾಂಟ್ರಾಸ್ಟ್ (ಸ್ಕ್ಯಾನಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ನೋಡಿ, ಆಮೇಲೆ ಅರಿವಳಿಕೆ ಔಷಧ. ಇದೆಲ್ಲ ಸರಿಯಾಗಿ ನಡೆದರೂ ಕೆಡುವುದು ಆಮೇಲೆ: ರೋಗಿ ಮನೆಗೆ ಬಂದು ಮಲಗಿಬಿಡುತ್ತಾರೆ. ಮಲಗಿದರೆ ಹೇಗೂ ನೋವಿಲ್ಲ, ಪರೀಕ್ಷೆ ವ್ಯರ್ಥ. ಅರಿವಳಿಕೆ ಇರುವ ಕೆಲವೇ ಗಂಟೆಗಳಲ್ಲಿ ನೋವು ಬರಿಸುವ ಕುರ್ಚಿಯಲ್ಲೇ ಕೂರಿಸಿ, ಗಂಟೆಗೊಮ್ಮೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆದಿಡಿ. ಜಾಗ ಮರಗಟ್ಟಿಯೂ ನೋವು ಹಾಗೇ ಇದ್ದರೆ ಮೂಲ ಬೇರೆಡೆ ಹುಡುಕಬೇಕು. ಮರಗಟ್ಟಲೇ ಇಲ್ಲವೇ? ಔಷಧ ನರಕ್ಕೆ ತಾಗಿಲ್ಲ. ರೋಗ ಇಲ್ಲ ಎಂದು ಬರೆಯಬಾರದು.

ಪ್ರಶ್ನೆ: ಶುಗರ್ ಇದೆ, ರಕ್ತ ತೆಳುವಾಗೋ ಮಾತ್ರೆನೂ ತಗೋತಾರೆ. ತೊಂದರೆ ಇದೆಯಾ?

ಉತ್ತರ: ಎರಡನ್ನೂ ಮೊದಲೇ ಹೇಳಿ. ಮಾತ್ರೆ ನಿಲ್ಲಿಸುವುದು ಬರೆದುಕೊಟ್ಟ ಡಾಕ್ಟರ್ ಹೇಳಿದರೆ ಮಾತ್ರ. ಸ್ಟೀರಾಯ್ಡ್ ಸೇರಿಸಿದ್ದರೆ ಕೆಲವು ದಿನ ಶುಗರ್ ಏರುತ್ತದೆ, ದಿನಾ ನೋಡಿಕೊಳ್ಳಿ. ಔಷಧ ಪಕ್ಕದ ಸಯಾಟಿಕ್ ನರಕ್ಕೆ ಹರಿದರೆ ಕಾಲು ಕೆಲ ಗಂಟೆ ಜೋಮು ಹಿಡಿದು ಸೋಲಬಹುದು. ಅವತ್ತು ಗಾಡಿ ಓಡಿಸಬಾರದು. ಇಂಜೆಕ್ಷನ್ ಇಲ್ಲದೆಯೇ ಕಾಲು ಸೋತರೆ, ಮೂತ್ರ ಕಟ್ಟಿದರೆ, ಮಲ ತಡೆಯಲಾಗದಿದ್ದರೆ ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಅಲ್ಲಿಯವರೆಗೆ ಬೈಕ್ ಬೇಡ, ಮಲಬದ್ಧತೆ ಆಗಗೊಡಬೇಡಿ, ನಡುವೆ ಖಾಲಿ ಬಿಟ್ಟ ಯು ಆಕಾರದ ದಿಂಬು ಬಳಸಿ. ವಿಡಿಯೋ ನೋಡಿಕೊಂಡು ಕೆಗೆಲ್ (ಮೂತ್ರ ತಡೆಯುವ ಸ್ನಾಯು ಬಿಗಿಹಿಡಿಯುವ) ವ್ಯಾಯಾಮ ಶುರುಮಾಡಬೇಡಿ. ಮೊದಲೇ ಬಿಗಿದ ಸ್ನಾಯು ಇನ್ನೂ ಬಿಗಿಯುತ್ತದೆ.