ಪಟ್ಟದಿಂದ ಇಳಿಸಿದ ದೊರೆಗೆ ನ್ಯಾಯವಾದ ವಿಚಾರಣೆ ಸಿಗುತ್ತದಾ? ಬರೋಡಾ, 1875

ಪ್ರಶ್ನೆ: ವಕೀಲರೇ, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಅಲ್ಲಿದ್ದ ರೆಸಿಡೆಂಟ್ ಕರ್ನಲ್ ಫೇರ್ ಅವರಿಗೆ ವಿಷ ಹಾಕಿಸಿದ ಆರೋಪದಲ್ಲಿ ಬರೋಡಾದ ಮಹಾರಾಜ ಮಲ್ಹಾರರಾವ್ ಗಾಯಕವಾಡರನ್ನು ಆಯೋಗದ ಮುಂದೆ ವಿಚಾರಿಸಿದರಲ್ಲ, ಅದನ್ನು ನ್ಯಾಯವಾದ ವಿಚಾರಣೆ ಅನ್ನಬಹುದಾ?

ಉತ್ತರ: ಸಾಕ್ಷಿ ಕೇಳಿದ ರೀತಿಯ ಮಟ್ಟಿಗೆ ಬಹುಪಾಲು ಅನ್ನಬಹುದು. ಲಂಡನ್‌ನಿಂದ ಬಂದ ಹಿರಿಯ ವಕೀಲ ಸಾರ್ಜೆಂಟ್ ಬ್ಯಾಲಂಟೈನ್ ಮಹಾರಾಜರ ಪರ ನಿಂತು ಬಿಗಿಯಾಗಿ ಪಾಟೀಸವಾಲು ಮಾಡಿದರು. 1874ರ ನವೆಂಬರ್ 9ರಂದು ಫೇರ್ ಎರಡು ಗುಟುಕು ಕುಡಿದು ಚೆಲ್ಲಿದ ಶರಬತ್ತಿನ ಗಷ್ಟಿನಲ್ಲಿ ಪಾಷಾಣವೂ (ಆರ್ಸೆನಿಕ್) ವಜ್ರದ ಪುಡಿಯೂ ಇದ್ದವೆಂದು ರಾಸಾಯನಿಕ ಪರೀಕ್ಷೆ ಹೇಳಿತು. ಆದರೆ ಅದನ್ನು ಮಹಾರಾಜರೇ ಹಾಕಿಸಿದರು ಅನ್ನಲು ಇದ್ದ ಆಧಾರ ಮುಖ್ಯವಾಗಿ ಮೂವರ ಮಾತು: ರೆಸಿಡೆನ್ಸಿಯ ಹವಾಲ್ದಾರ್ ರಾವಜಿ, ಜಮಾದಾರ್ ನರಸು, ಮಹಾರಾಜರ ಖಾಸಗಿ ಕಾರ್ಯದರ್ಶಿ ದಾಮೋದರ ಪಂತ. ಮೂವರೂ ತಾವೇ ಕೃತ್ಯದಲ್ಲಿ ಪಾಲುದಾರರೆಂದು ಒಪ್ಪಿಕೊಂಡವರು. ರಾವಜಿ, ದಾಮೋದರ ಪಂತರಂತೂ ಮಾಫಿಸಾಕ್ಷಿಗಳು, ಅಂದರೆ ಕ್ಷಮೆ ಪಡೆದು ಸಾಕ್ಷಿ ಹೇಳಿದವರು. ಅಂಥವರ ಮಾತಿಗೆ ಬೇರೆ ಕಡೆಯಿಂದ ಆಸರೆ ಇಲ್ಲದಿದ್ದರೆ ನಂಬಲಾಗದೆಂದು ಊಹಿಸಲು 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಮು ಅವಕಾಶ ಕೊಡುತ್ತಿತ್ತು. ಆಸರೆಯಾಗಿ ಪೊಲೀಸರು ತಂದದ್ದು ರಾವಜಿಯ ಸೊಂಟಪಟ್ಟಿಯಲ್ಲಿ ಸಿಕ್ಕಿತೆಂದ ಪಾಷಾಣದ ಪೊಟ್ಟಣ. ಘಟನೆ ನಡೆದು ವಾರಗಳಾದ ಮೇಲೆ ಸಿಕ್ಕದ್ದು! ಬ್ಯಾಲಂಟೈನ್ ಜಗ್ಗಿದ್ದು ಆ ಎಳೆಯನ್ನೇ.

ಪ್ರಶ್ನೆ: ಪೀಠ ಸರಿಯಿತ್ತಾ ಸರ್? ಮೂವರು ಆಂಗ್ಲರು, ಮೂವರು ಭಾರತೀಯರು ಇದ್ದರಲ್ಲ.

ಉತ್ತರ: ತಲೆ ಎಣಿಸಿದರೆ ಸಮ. ಆದರೆ ಸದಸ್ಯರಲ್ಲೊಬ್ಬರು ರಿಚರ್ಡ್ ಮೀಡ್. ಆಗ ನಮ್ಮ ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದವರು, ಕಬ್ಬನ್ ಪಾರ್ಕಿಗೆ ಮೊದಲಿದ್ದದ್ದು ಇವರದೇ ಹೆಸರು. 1873ರಲ್ಲಿ ಬರೋಡಾದ ಆಡಳಿತದ ಬಗ್ಗೆ ನಡೆದ ತನಿಖೆಗೂ ಇವರೇ ಮುಖ್ಯಸ್ಥರು. ಆಗಲೇ ಮಹಾರಾಜರ ವಿರುದ್ಧ ವರದಿ ಕೊಟ್ಟವರನ್ನು ಮತ್ತೆ ಅದೇ ಮನುಷ್ಯನ ವಿಚಾರಣೆಗೆ ಕೂರಿಸಬಾರದಿತ್ತು. ನನ್ನ ಮಟ್ಟಿಗೆ ಇದು ದೊಡ್ಡ ದೋಷ.

ಪ್ರಶ್ನೆ: ಆರೋಪ ಸಾಬೀತಾಗದಿದ್ದರೂ ಗಾದಿ ಹೋದದ್ದು ಹೇಗೆ?

ಉತ್ತರ: ಆಯೋಗಕ್ಕೆ ತೀರ್ಪು ಕೊಡುವ ಅಧಿಕಾರವೇ ಇರಲಿಲ್ಲ, ವೈಸರಾಯ್ ನಾರ್ತ್‌ಬ್ರೂಕ್ ಸರ್ಕಾರಕ್ಕೆ ವರದಿ ಕೊಡುವುದಷ್ಟೇ ಅದರ ಕೆಲಸ. ಆಂಗ್ಲ ಸದಸ್ಯರು ಅಪರಾಧಿ ಎಂದರು. ಗ್ವಾಲಿಯರ್, ಜೈಪುರದ ಮಹಾರಾಜರು ಮತ್ತು ದಿನಕರರಾವ್ ಒಪ್ಪಲಿಲ್ಲ. ಸರ್ಕಾರ ವಿಷದ ಆರೋಪವನ್ನು ಪಕ್ಕಕ್ಕಿಟ್ಟು, ದುರಾಡಳಿತವೇ ಕಾರಣವೆಂದು 1875ರ ಏಪ್ರಿಲ್‌ನಲ್ಲಿ ಪದಚ್ಯುತಿ ಸಾರಿತು. ಇಂಥ ಯಾವ ಪ್ರಕರಣ ಓದಿದರೂ ಮೊದಲು ಇದನ್ನೇ ನೋಡಿ: ನಿರ್ದೋಷಿ ಎಂದಾದರೆ ಆರೋಪಿ ಮನೆಗೆ ಹೋಗುತ್ತಿದ್ದರೇ?

ಪ್ರಶ್ನೆ: ದುರಾಡಳಿತದ ದೂರು ಸುಳ್ಳೇ?

ಉತ್ತರ: ಅಲ್ಲ, ಪ್ರಜೆಗಳ ಸಂಕಟ ನಿಜ. ಆದರೆ ಆಡಳಿತ ತಿದ್ದಿಕೊಳ್ಳಲು ಸರ್ಕಾರವೇ ಮಹಾರಾಜರಿಗೆ ಕೊಟ್ಟಿದ್ದ ಗಡುವು 1875ರ ಡಿಸೆಂಬರ್ 31. ಅವರನ್ನು ಬಂಧಿಸಿದ್ದು ಅದೇ ವರ್ಷದ ಜನವರಿಯಲ್ಲಿ.